ಯಾವತ್ತಿಂದ, ಯಾವತ್ತಿನ ತನಕ?

ಕಂಪ್ಯೂಟರಿನಿಂದ ಯಾವ ವರದಿ ತೆಗೆಯಬೇಕಾದರೂ ಅದು ಮೊದಲು ಎರಡು ತಾರೀಖು ಕೇಳುತ್ತದೆ: ಯಾವತ್ತಿಂದ, ಯಾವತ್ತಿನ ತನಕ. ಈ ಎರಡು ಖಾನೆ ಕಂಡುಹಿಡಿದ ಪುಣ್ಯಾತ್ಮರು ಬಳ್ಳಾರಿ ರಸ್ತೆಯ ನಮ್ಮ ರಾಂಪುರದಲ್ಲಿ ಒಂದು ದಿನವೂ ಬಸ್ ಇಳಿದವರಲ್ಲ.

ಆನ್‌ಲೈನ್ ಸೆಂಟರಿನಲ್ಲಿ ಕೀಬೋರ್ಡಿನ ಮುಂದೆ ಕೂರುವುದು ನನ್ನ ಕಸುಬು. ಅಜ್ಜ ಒಬ್ಬರು ಹೊಲದ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಲು ಬರುತ್ತಾರೆ.

"ಯಾವತ್ತಿಂದ ಹಾಕ್ಲಿ ಅಜ್ಜಾ?"

"ನಮ್ಮಪ್ಪ ಬಾವಿ ತೋಡಿಸಿದ್ನಲ್ಲ, ಆವಾಗ್ಲಿಂದ ಹಾಕು."

"ಅದು ಯಾವ ಇಸವಿ?"

"ಮಳೆ ಕೈಕೊಡ್ತಲ್ಲಪ್ಪ, ಆ ವರ್ಷ."

ನಮ್ಮ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಈ ಗುರುತು ಹಿಡಿದು ವರ್ಷ ಹುಡುಕಲು ಹೊರಟರೆ ಕ್ಯಾಲೆಂಡರಿನ ಅರ್ಧಕ್ಕರ್ಧ ಅದರೊಳಗೇ ಬರುತ್ತದೆ.

ಈ ಇ.ಸಿ. ಎಂಬುದು ಬಹಳ ಸಭ್ಯವಾದ ಕಾಗದ. ಕೇಳಿದ ಅವಧಿಯಲ್ಲಿ ಮಾರಾಟವೋ ಅಡಮಾನವೋ ನೋಂದಣಿಯಾಗಿದ್ದರೆ ನಮೂನೆ 15 ಬರುತ್ತದೆ, ಏನೂ ಇಲ್ಲದಿದ್ದರೆ ನಮೂನೆ 16. ಅಡಮಾನ ಮಾಡಿದ ಮಾರನೇ ದಿನದಿಂದ ತಾರೀಖು ಹಾಕಿಸಿ ನೋಡಿ, ಸಾಲದಲ್ಲಿ ಮುಳುಗಿದ ಹೊಲವೂ ಆಗತಾನೇ ಸ್ನಾನ ಮುಗಿಸಿದ ಮದುಮಗನ ಹಾಗೆ ಹೊರಬರುತ್ತದೆ. ಕಂಪ್ಯೂಟರು ಸುಳ್ಳು ಹೇಳಿಲ್ಲ, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಿದೆ. ಬ್ಯಾಂಕಿನವರು ವರ್ಷಗಟ್ಟಲೆ ಹಿಂದಿನಿಂದ ಇ.ಸಿ. ಕೇಳುವುದು ಸುಮ್ಮನೆ ಅಲ್ಲ.

"ಬರೀ ಈ ವರ್ಷದ್ದು ತೆಗಿ" ಎನ್ನುವವರೂ ಇದ್ದಾರೆ. ಯಾವ ವರ್ಷ? ಬ್ಯಾಂಕಿನ ವರ್ಷ ಏಪ್ರಿಲ್ 1ಕ್ಕೆ ಶುರು. ಶಾಲೆಯದು ಜೂನ್‌ಗೆ ಹತ್ತಿರ. ಅಂಗಡಿ ಸಾಹುಕಾರರ ಹೊಸ ಲೆಕ್ಕ ದೀಪಾವಳಿಗೆ, ಮನೆಯದು ಯುಗಾದಿಗೆ. ಪಹಣಿ ಒಂದು ವರ್ಷದಲ್ಲಿ ತೃಪ್ತಿಪಡದೆ 2023-24 ಅಂತ ಎರಡನ್ನು ಗಂಟು ಹಾಕಿಕೊಂಡಿರುತ್ತದೆ. ಜನವರಿ 1ಕ್ಕೆ ಸರಿಯಾಗಿ ಶುರುವಾಗುವುದು ಬೇಕರಿಯವರ ಕೇಕಿನ ವ್ಯಾಪಾರ ಒಂದೇ.

ಎರಡು ತಾರೀಖೂ ಸರಿಯಾಗಿ ಗೊತ್ತಿದ್ದರೆ ಗೆದ್ದೆವು ಅಂದುಕೊಳ್ಳಬೇಡಿ. "ಮಾರ್ಚ್ 31ರ ತನಕ" ಎಂದರೆ ಮನುಷ್ಯರಿಗೆ ಅವತ್ತು ರಾತ್ರಿ ಬಾಗಿಲು ಹಾಕುವ ತನಕ. ತಾರೀಖಿನ ಜೊತೆ ಗಂಟೆ, ನಿಮಿಷವನ್ನೂ ಬರೆದಿಟ್ಟುಕೊಳ್ಳುವ ಡೇಟಾಬೇಸಿಗೆ ಬರೀ 31 ಎಂದರೆ 31ರ ಸೊನ್ನೆ ಗಂಟೆ, ಅಂದರೆ 30ರ ನಡುರಾತ್ರಿ ಕಳೆದ ಗಳಿಗೆ. ಅಲ್ಲಿಗೆ ಅದು ಕದ ಮುಚ್ಚಿಬಿಡುತ್ತದೆ. ಸಂಘವೊಂದರ ಸಾಲ ವಸೂಲಿ ವರದಿಯಲ್ಲಿ ಹೀಗೇ ಆಗಿ, ಕೊನೇ ದಿನ ಹಣ ಕಟ್ಟಿದವರೆಲ್ಲ ಬಾಕಿದಾರರಾಗಿ ಕೂತರು. ಕೊನೇ ದಿನ ಬಿಟ್ಟು ಬೇರೆ ದಿನ ಸಾಲ ಕಟ್ಟುವ ವಂಶ ನಮ್ಮ ಕಡೆ ಎಲ್ಲಿದೆ? ಹೆಚ್ಚುಕಮ್ಮಿ ಊರೇ ಬಾಕಿ. "ಏಪ್ರಿಲ್ 1ಕ್ಕಿಂತ ಮೊದಲು" ಎಂದು ಕೇಳಿದ ಮೇಲೆ ಎಲ್ಲರ ಮಾನವೂ ವಾಪಸು ಬಂತು.

ಹುಟ್ಟಿದ ದಿನದ ಮೇಲೆ ಪಟ್ಟಿ ಸೋಸಲು ಹೋದರೆ ಇನ್ನೊಂದು ತಮಾಷೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ದಯಪಾಲಿಸಿದ ಜೂನ್ 1 ಹಾಕಿ ನೋಡಿ, ಓಣಿಗಟ್ಟಲೆ ಜನ ಅವತ್ತು ಒಟ್ಟಿಗೇ ಹುಟ್ಟಿರುತ್ತಾರೆ. ತಾರೀಖು ಖಾಲಿ ಬಿಟ್ಟರೆ ಕೆಲವು ಡೇಟಾಬೇಸುಗಳು ತಾವೇ 1900ರ ಜನವರಿ 1 ಅಂತ ತುಂಬಿಕೊಳ್ಳುತ್ತವೆ. ಆಗ ಅಂಗನವಾಡಿಯ ಕೂಸೂ ವೃದ್ಧಾಪ್ಯ ವೇತನದ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ.

ತಾರೀಖು ಹೇಳದೆ ಕಾಲ ಹೇಳುವ ಈ ಗುಣ ನಮಗೆ ಇವತ್ತು ಬಂದದ್ದಲ್ಲ. ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ, ಬಿ. ಎಲ್. ರೈಸ್ 1892ರಲ್ಲಿ ಪತ್ತೆಹಚ್ಚಿದ್ದು. ಸುವರ್ಣಗಿರಿಯ ಸಾಹೇಬರು ಇಸಿಲದ ಮಹಾಮಾತ್ರರ, ಅಂದರೆ ಇಲ್ಲಿನ ಅಧಿಕಾರಿಗಳ, ಆರೋಗ್ಯ ವಿಚಾರಿಸಿ ಕಳಿಸಿದ ಸುತ್ತೋಲೆ ಅದು. ರಾಜ ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಸಂಘಕ್ಕೆ ಹತ್ತಿರವಾಗಿ ಒಂದು ವರ್ಷ ದಾಟಿತು ಎಂದೆಲ್ಲ ಅದರಲ್ಲಿದೆ. ಯಾವತ್ತಿಂದ ಎಂಬುದೊಂದು ಬಿಟ್ಟು! 256 ಎಂಬ ಅಂಕಿಯೂ ಇದೆ. ಅದು ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅಂತ ಬಹಳ ವಿದ್ವಾಂಸರ ಮತ. ಯಾವ ರಾತ್ರಿಯಿಂದ ಯಾವ ರಾತ್ರಿಗೆ ಅಂತ ಇಸಿಲದ ಗುಮಾಸ್ತರು ತಿರುಗಿ ಕೇಳಿದ ದಾಖಲೆ ಇಲ್ಲ. ಮೇಲಿನವರು ತಾರೀಖು ಹಾಕದಿದ್ದರೆ ಶಾಸನ, ನಾವು ಹಾಕದಿದ್ದರೆ ಅರ್ಜಿ ವಜಾ.

ಆದರೂ ತಾರೀಖಿನ ವಿಷಯದಲ್ಲಿ ನಮ್ಮವರನ್ನು ದಡ್ಡರೆನ್ನಲು ನನಗೆ ಧೈರ್ಯ ಸಾಲದು. ಮೊನ್ನೆ ಶೇಂಗಾ ಹಾಕಿದ್ದ ಅಮ್ಮ ಒಬ್ಬರು ಬಂದರು. ಬೆಳೆವಿಮೆಗೆ ಮಳೆ ಲೆಕ್ಕ ಬೇಕಿತ್ತಂತೆ.

"ಯಾವತ್ತಿಂದ ಯಾವತ್ತಿನ ತನಕ ಅಮ್ಮಾ?"

"ಹಸ್ತ ಮಳೆದು."

ನಾನು ಬಾಯಿ ತೆರೆದವನು ಮುಚ್ಚಿದೆ. ಹಸ್ತ ಎಂದರೆ ಸೆಪ್ಟೆಂಬರ್ 27ರ ಸುಮಾರಿಗೆ ಹೊಕ್ಕು ಅಕ್ಟೋಬರ್ 10ರ ಸುಮಾರಿಗೆ ಹೊರಡುವ ಹದಿಮೂರು-ಹದಿನಾಲ್ಕು ದಿನ. ಎರಡೂ ಖಾನೆಯನ್ನು ಆಕೆ ಒಂದೇ ಮಾತಿನಲ್ಲಿ ತುಂಬಿಯಾಗಿತ್ತು. ಬೇಸಾಯದವರು ರೋಹಿಣಿ, ಆರಿದ್ರೆ, ಮಘೆ, ಉಬ್ಬೆ ಅಂತ ವರ್ಷವನ್ನು ಯಾವಾಗಲೋ ಸೋಸಿಟ್ಟುಬಿಟ್ಟಿದ್ದಾರೆ. ಗೋಡೆಯ ಪಂಚಾಂಗ ನೋಡಿ ಎರಡು ತಾರೀಖು ಒತ್ತಿದೆ. ಚಕ್ರ ಸುಮಾರು ಹೊತ್ತು ತಿರುಗಿ, ಉದ್ದಕ್ಕೂ ಸೊನ್ನೆಗಳ ಸಾಲು ಬಂತು.

"ತಾರೀಖು ಏನೋ ತಪ್ಪಿರಬೇಕಮ್ಮ, ಬರೀ ಸೊನ್ನೆ ತೋರಿಸ್ತೈತೆ" ಅಂದೆ.

"ಸರಿಯಾಗೇ ತೋರಿಸ್ತೈತೆ ಬಿಡಪ್ಪ," ಅಂದರು ಆಕೆ, "ಬಿದ್ದಿದ್ರೆ ಶೇಂಗಾ ಕೀಳೋದು ಬಿಟ್ಟು ನಿನ್ನ ಹತ್ರ ಯಾಕೆ ಬರ್ತಿದ್ದೆ? ಅದನ್ನೇ ಒಂದು ಜೆರಾಕ್ಸ್ ತೆಗ್ದು ಕೊಡು."