ಮುಳುಗಿಹೋದ ಸೂರ್ಯನ ಫೋಟೊ

ಬಾವಿಯ ಹೂಳೆತ್ತಲು ಬರುವವರು ಕೂಲಿ ಮಾತಾಡುವ ಮೊದಲು ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೋಡುತ್ತಾರೆ. ಬಾವಿಯ ಯಜಮಾನರಿಗೆ ಇದು ಸರಿಬರುವುದಿಲ್ಲ. ಕಟ್ಟೆಯ ಮೇಲೆ ಬಗ್ಗಿ, "ತಳ ಇಲ್ಲೇ ಕಾಣ್ತದಲ್ಲ ಮಾರಾಯ, ಎಂಥ ಆಳ?" ಎಂದು ಚೌಕಾಸಿಗೆ ಇಳಿಯುತ್ತಾರೆ. ಕಾಣುವುದೇನೋ ನಿಜ. ಆದರೆ ನಾಲ್ಕಡಿ ತಿಳಿನೀರನ್ನು ಮೇಲಿಂದ ನೋಡಿದರೆ ಮೂರೇ ಅಡಿ ಎನಿಸುತ್ತದೆ. ತಳದಿಂದ ಹೊರಟ ಬೆಳಕು ನೀರು ಬಿಟ್ಟು ಗಾಳಿಗೆ ಬರುವಾಗ ದಾರಿ ಬದಲಿಸುತ್ತದೆ. ಕಣ್ಣು ಪಾಪ, ಅದು ನೆಟ್ಟಗೇ ಬಂತೆಂದು ನಂಬುತ್ತದೆ. ಕೂಲಿಯಲ್ಲಿ ಕಾಲುಭಾಗ ಉಳಿಸಲು ಹೊರಟ ಯಜಮಾನರಿಗೆ ನೀರೇ ಸಾಕ್ಷಿ ಹೇಳುತ್ತದೆ.

ಇಷ್ಟಕ್ಕೆಲ್ಲ ಕಾರಣ ವೇಗ. ಬರಿದಾದ ಆಕಾಶದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುವ ಬೆಳಕು ನೀರಿನಲ್ಲಿ ಎರಡೂಕಾಲು ಲಕ್ಷಕ್ಕೆ, ಕಿಟಕಿಯ ಗಾಜಿನಲ್ಲಿ ಎರಡು ಲಕ್ಷಕ್ಕೆ ಇಳಿಯುತ್ತದೆ. ವಜ್ರದಲ್ಲಂತೂ ಒಂದೂಕಾಲು ಲಕ್ಷವೂ ದಾಟುವುದಿಲ್ಲ. ಓರೆಯಾಗಿ ಗದ್ದೆಗಿಳಿದ ಎತ್ತಿನಗಾಡಿಯ ಒಂದು ಗಾಲಿ ಮೊದಲು ಕೆಸರಿಗೆ ಸಿಕ್ಕಿದರೆ ಗಾಡಿ ಆ ಕಡೆಗೇ ತಿರುಗುತ್ತದಲ್ಲ, ಹಾಗೆ ಇದೂ. ನ್ಯೂಟನ್ ಮಾತ್ರ, ನೀರಿನೊಳಗೆ ಬೆಳಕು ಇನ್ನೂ ಜೋರಾಗಿ ಓಡುತ್ತದೆ ಎಂದಿದ್ದ. 1850ರಲ್ಲಿ ಫ್ರಾನ್ಸಿನ ಫೂಕೊ ಗಿರಗಿರ ತಿರುಗುವ ಕನ್ನಡಿ ಇಟ್ಟು ಅಳೆದ. ನೀರಿನಲ್ಲಿ ನಿಧಾನವೇ ಎಂದು ಖಚಿತವಾಯಿತು. ನ್ಯೂಟನ್ 1727ರಲ್ಲೇ ತೀರಿಕೊಂಡಿದ್ದರಿಂದ ಜಗಳವಾಗಲಿಲ್ಲ. ಬದುಕಿದ್ದಿದ್ದರೆ ಆಗದೆ ಇರುತ್ತಿರಲಿಲ್ಲ, ಆಸಾಮಿ ಅಂಥವನು.

ವೇಗ ಬದಲಾಗದಿದ್ದರೆ ಏನಾಗುತ್ತದೆ ಎಂಬುದನ್ನು ಅಡುಗೆಮನೆಯಲ್ಲೇ ನೋಡಬಹುದು. ಒಲೆಯ ಬಿಸಿ ತಡೆಯುವ ಬೋರೋಸಿಲಿಕೇಟ್ ಗಾಜಿನ ಕಡ್ಡಿಯೊಂದನ್ನು ಶೇಂಗಾ ಎಣ್ಣೆಯಲ್ಲಿ ಮುಳುಗಿಸಿ. ಮುಳುಗಿದಷ್ಟೂ ಭಾಗ ಮಾಯ! ಎರಡರಲ್ಲೂ ಬೆಳಕಿನ ವೇಗ ಹೆಚ್ಚುಕಡಿಮೆ ಒಂದೇ ಆದ್ದರಿಂದ ಗಡಿ ದಾಟಿದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಬಾಗುವುದೂ ಇಲ್ಲ, ಹಿಂದಕ್ಕೆ ಪುಟಿಯುವುದೂ ಇಲ್ಲ. ಗಾಜು ನಮಗೆ ಕಾಣುವುದು ಅಂಚಿನಲ್ಲಿ ಅದು ಬೆಳಕಿಗೆ ಕೊಡುವ ಈ ಸಣ್ಣ ಕಿರುಕುಳದಿಂದಲೇ. ನಮ್ಮ ಮನೆಯಲ್ಲಿ ಈ ಪ್ರಯೋಗಕ್ಕೆ ಅರ್ಧ ಲೀಟರ್ ಎಣ್ಣೆ ಮಂಜೂರಾದದ್ದು, ಸಂಜೆ ಅದೇ ಎಣ್ಣೆಯಲ್ಲಿ ಬೋಂಡ ಕರಿಯಬೇಕೆಂಬ ಷರತ್ತಿನ ಮೇಲೆ. ವಿಜ್ಞಾನಕ್ಕೆ ಇದಕ್ಕಿಂತ ಒಳ್ಳೆಯ ಅನುದಾನ ಎಲ್ಲಿದೆ?

ಗಾಳಿಯೂ ಸಾಚಾ ಏನಲ್ಲ. ಆಗುಂಬೆಯಲ್ಲಿ ಸೂರ್ಯಾಸ್ತಕ್ಕೆ ಸೇರಿದ ಜನ, ಸೂರ್ಯನ ಕೆಳಅಂಚು ದಿಗಂತಕ್ಕೆ ತಾಗುತ್ತಲೇ ಮೊಬೈಲು ಎತ್ತುತ್ತಾರೆ. ಅಷ್ಟರಲ್ಲಿ ಸೂರ್ಯ ದಿಗಂತದ ಕೆಳಗೆ ಇಡಿಯಾಗಿ ಇಳಿದಾಗಿರುತ್ತದೆ! ಅಲ್ಲಿಂದ ಬರುವ ಬೆಳಕನ್ನು ವಾತಾವರಣ ಸುಮಾರು ಅರ್ಧ ಡಿಗ್ರಿ ಬಾಗಿಸಿ ನಮಗೆ ತೋರಿಸುತ್ತಿರುತ್ತದೆ. ಸೂರ್ಯಬಿಂಬದ ಅಗಲವೂ ಸರಿಸುಮಾರು ಅಷ್ಟೇ. ಹೀಗೆ ನಮಗೆ ದಕ್ಕುವ ಎರಡು ನಿಮಿಷಗಳ ಪುಕ್ಕಟೆ ಹಗಲೆಲ್ಲ ಸೆಲ್ಫಿಗೇ ಖರ್ಚು.

ಮಳೆಗಾಲದಲ್ಲಿ ಹೋದವರಿಗೆ ಈ ತಾಪತ್ರಯವಿಲ್ಲ. ಅವರಿಗೆ ಕಾಣುವುದು ಮಂಜೊಂದೇ. ಅದಾದರೂ ಏನು, ಒಂದೊಂದೂ ಗಾಜಿನಷ್ಟು ತಿಳಿಯಾದ ನೀರಿನ ಹನಿಗಳೇ. ಆದರೆ ಹನಿಹನಿಯ ಅಂಚಿನಲ್ಲೂ ತಿರುಗಿ ಪುಟಿದು ಬೆಳಕಿಗೆ ದಿಕ್ಕೇ ತಪ್ಪುತ್ತದೆ. ಹೆಡ್‌ಲೈಟ್ ಜೋರು ಮಾಡಿದಷ್ಟೂ ಬಿಳುಪು ವಾಪಸು ನಮ್ಮ ಕಣ್ಣಿಗೇ ಬಡಿಯುತ್ತದೆ. ಡಿಮ್ ಮಾಡಿ ಇಳಿಯುವುದು ಲೇಸು. ಸೋಮೇಶ್ವರದ ಕಡೆಗೆ ಹೇರ್‌ಪಿನ್ ತಿರುವುಗಳೇ 14 ಇವೆ.