ಅದೂ ಒಂದು ವರಸೆ

‘ಮೊದಲ ಕ್ಲಾಸ್ ಉಚಿತ’ ಎಂದಿದ್ದ ಬೋರ್ಡಿನಲ್ಲಿ ಉಳಿದ ಅಕ್ಷರಗಳನ್ನೂ ಓದಿದ್ದರೆ ನನ್ನ ಬಲಕಿವಿ ಇಂದಿಗೂ ಎಡಕಿವಿಯ ಹಾಗೆಯೇ ಇರುತ್ತಿತ್ತು. ಕುವೆಂಪುನಗರದ ಆ ಬೇಕರಿಗೆ ನಾನು ಹೋದದ್ದು ಖಾರಾ ಬನ್ನಿಗೆ. ಸಕ್ಕರೆ ಅಂಚಿನಲ್ಲಿದೆ, ದಿನಾ ಬೆವರು ಬರಬೇಕು ನೋಡಿ ಎಂದು ಡಾಕ್ಟರು ಹಿಂದಿನ ದಿನವಷ್ಟೇ ಎಚ್ಚರಿಸಿದ್ದರು. ಎರಡನೇ ಬನ್ನಿನ ಪಾಪಭೀತಿಯಲ್ಲಿ ತಲೆ ಎತ್ತಿದರೆ ಮಹಡಿಯ ಮೇಲೆ ಬೋರ್ಡು. ಮೈಸೂರಿನಲ್ಲಿ ಯಾರಾದರೂ ಚಾಪೆ ಹಾಸಿಕೊಂಡು ಬರಿಗಾಲಲ್ಲಿ ಕೂತಿದ್ದರೆ ಅದು ಯೋಗವೇ ಎಂಬ ನಂಬಿಕೆಯಲ್ಲಿ ಮೆಟ್ಟಿಲು ಹತ್ತಿದೆ.

ಅದು ಬ್ರೆಜಿಲಿಯನ್ ಜಿಯು-ಜಿತ್ಸು.

ಮನೆಗೆ ಬಂದು ಹೆಸರು ಹೇಳಿದೆ. “ಯಾವ ಜುಜುಬಿ ರೀ ಅದು?” ಎಂದಳು ಹೆಂಡತಿ. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಅದೇ. ಫೋನ್ ಬಂದರೆ “ಅಪ್ಪ ಜುಜುಬಿಗೆ ಹೋಗಿದಾರೆ” ಎನ್ನುತ್ತಾನೆ ಮಗ. ‘ಗಿ’ ಎಂಬ ಅದರ ಉಡುಪೋ, ಜಮಖಾನವನ್ನೇ ಕತ್ತರಿಸಿ ಅಂಗಿ ಹೊಲಿದಂತಿದೆ. ಜುಲೈನ ಜಿಟಿಜಿಟಿ ಮಳೆಯಲ್ಲಿ ಮೂರು ದಿನವಾದರೂ ಒಣಗದು. ನಾಲ್ಕನೇ ದಿನ ಅದರ ವಾಸನೆಗೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು. ಬಿಳಿ, ನೀಲಿ, ನೇರಳೆ, ಕಂದು, ಕಪ್ಪು ಎಂದು ಬೆಲ್ಟುಗಳ ಸರದಿ. ಕಪ್ಪು ತಲುಪಲು ಹತ್ತು ವರ್ಷವಾದರೂ ಬೇಕಂತೆ. ನನಗೀಗ 47. ಬ್ಯಾಂಕಿನಿಂದ ನಿವೃತ್ತನಾಗುವ ಮೂರು ವರ್ಷ ಮುಂಚೆ ನಾನು ಅಪಾಯಕಾರಿ ಮನುಷ್ಯನಾಗಲಿದ್ದೇನೆ.

ಮೊದಲ ಪಾಠ ಸೀಗಡಿಯಾಗುವುದು. “ಶ್ರಿಂಪ್ ಮಾಡಿ ಸರ್” ಎಂದರು ಕೋಚ್. ಅಂಗಾತ ಮಲಗಿ, ಒಂದು ಕಾಲೂರಿ, ಸೊಂಟವನ್ನು ಹಿಂದಕ್ಕೆ ಚಿಮ್ಮಿಸುತ್ತ ಗೋಡೆಯಿಂದ ಗೋಡೆಯವರೆಗೆ ಸರಿಯಬೇಕು. ಬೇಳೆ ಸಾರಿನ ಆಚೆಗೆ ಅಡುಗೆಯೇ ಇಲ್ಲದ ಮನೆಯಲ್ಲಿ ಬೆಳೆದ ನಾನು ಸೀಗಡಿ ಹೇಗೆ ನಡೆಯುತ್ತದೆಂದು ಎಲ್ಲಿ ಕಂಡಿದ್ದೆ? ಹನ್ನೆರಡು ವರ್ಷದ ಹುಡುಗಿಯೊಬ್ಬಳು ಎರಡು ಸಲ ಹೋಗಿ ಬಂದಳು. ನಾನು ಇದ್ದಲ್ಲೇ ಪ್ರದಕ್ಷಿಣೆ ಹಾಕಿದೆ.

ನಮ್ಮ ತಾತ ಗರಡಿಯಾಳು. ಕೆಮ್ಮಣ್ಣಿನ ಮಟ್ಟಿಗೆ ಕೈಮುಗಿದು ಇಳಿದವರು, ಒಂದು ಕಾಲಕ್ಕೆ ದಸರಾ ಕುಸ್ತಿಗೆ ಜೋಡಿ ಕಟ್ಟಿಸಿಕೊಂಡವರು. ಅವರ ಲೋಕದಲ್ಲಿ ಬೆನ್ನು ಮಣ್ಣಿಗೆ ತಾಗಿತೋ, ಚಿತ್, ಆಟ ಮುಗಿಯಿತು. ಇಲ್ಲಿ ಬೆನ್ನು ತಾಗಿದ ಮೇಲೆಯೇ ಆಟ! ಜಟ್ಟಿ ಜಾರಿ ಬಿದ್ದರೆ ಅದೂ ಒಂದು ವರಸೆ ಎಂದು ನಾವು ಮೂರು ತಲೆಮಾರಿನಿಂದ ಲೇವಡಿ ಮಾಡಿದ ಮಾತನ್ನು ಬ್ರೆಜಿಲಿನವರು ಹಾಸ್ಯವೆಂದು ತಿಳಿಯದೆ ಶಾಸ್ತ್ರ ಮಾಡಿಬಿಟ್ಟಿದ್ದಾರೆ. ಬಿದ್ದು, ಮೇಲಿರುವವನ ಸೊಂಟಕ್ಕೆ ಎರಡೂ ಕಾಲು ಸುತ್ತಿ ಬಿಗಿಯುವುದಕ್ಕೆ ‘ಗಾರ್ಡ್’ ಎಂದು ಹೆಸರು. ಹೆಸರೂ ಗೊತ್ತಿಲ್ಲದ ಸಾಫ್ಟ್‌ವೇರ್ ಎಂಜಿನಿಯರನೊಬ್ಬನ ಸೊಂಟ ತಬ್ಬಿ ಮಲಗಿರುವಾಗ ಕಣ್ಣನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಮಾತ್ರ ಆ ಶಾಸ್ತ್ರ ಹೇಳುವುದಿಲ್ಲ. ನಾನು ಗೋಡೆಗಡಿಯಾರ ನೋಡುತ್ತೇನೆ.

ಈಗ ಒಂದು ಹನಿಯ ವಿಷಯ.

ಎರಡನೇ ತಿಂಗಳು. ಐದು ನಿಮಿಷದ ಸುತ್ತು. ನಾನು 61 ಕೆಜಿ, ಎಂಜಿನಿಯರ್ 92. ಅವನು ನನ್ನ ಎದೆಯ ಮೇಲೆ ಕಾಲು ಅಗಲಿಸಿ ಕೂತಿದ್ದ. ಇದಕ್ಕೆ ಮೌಂಟ್ ಎನ್ನುತ್ತಾರೆ, ಪಂದ್ಯದಲ್ಲಾದರೆ ಅವನಿಗೆ ನಾಲ್ಕು ಅಂಕ. ಸುಸ್ತಾಗಿದ್ದರಿಂದ ಏನೂ ಮಾಡದೆ ಎರಡೂ ಕೈ ನನ್ನ ತಲೆಯ ಆಚೀಚೆ ಊರಿ ಉಸಿರು ಬಿಡುತ್ತಿದ್ದ. ಆಗ ಕಂಡೆ. ಅವನ ಮೂಗಿನ ತುದಿಯಲ್ಲಿ ಒಂದು ಬೆವರ ಹನಿ.

ಮೊದಲು ಅದು ಸಾಸಿವೆಯಷ್ಟಿತ್ತು. ಅದು ಅವನ ಸ್ವಂತ ವಿಷಯ ಎಂದುಕೊಂಡೆ. ಹಣೆಯಿಂದ ಇಳಿದ ಎರಡು ತೊರೆಗಳು ಹುಬ್ಬು ದಾಟಿ ಬಂದು ಅದನ್ನು ಸೇರಿಕೊಂಡವು. ಮೆಣಸಿನ ಕಾಳಾಯಿತು. ಫ್ಯಾನಿನ ಗಾಳಿ ಬಂದಾಗ ಎಡಕ್ಕೆ ವಾಲಿ, ಏನೋ ನೆನಪಾದಂತೆ ಮತ್ತೆ ನಟ್ಟನಡುವೆ ಬಂದು ನಿಂತಿತು. ನಟ್ಟನಡುವೆ ಎಂದರೆ ನನ್ನ ಬಾಯಿಯ ನೇರಕ್ಕೆ. ಬಟಾಣಿಯಾಯಿತು. ಅದರಲ್ಲಿ ನನ್ನ ಮುಖ ಕಂಡಿತೆಂದರೆ ಉತ್ಪ್ರೇಕ್ಷೆಯಾದೀತು, ಆದರೆ ಟ್ಯೂಬ್‌ಲೈಟ್ ಕಂಡದ್ದು ಸತ್ಯ. ಪಿಯುಸಿಯಲ್ಲಿ ಮೇಲ್ಮೈ ಕರ್ಷಣದ ಪಾಠ ಮಾಡಿದ ಮೇಷ್ಟರನ್ನು ಮೂವತ್ತು ವರ್ಷಗಳಲ್ಲಿ ಮೊದಲ ಸಲ ನೆನೆದು, ಇನ್ನೊಂದು ಅರ್ಧ ನಿಮಿಷ ಕಾಪಾಡಿ ಎಂದು ಬೇಡಿಕೊಂಡೆ. ಎಡಕ್ಕೆ ತಿರುಗಿದರೆ ಕಿವಿಗೆ, ಬಲಕ್ಕೆ ತಿರುಗಿದರೆ ಅವನ ಮೊಣಕೈ, ಕಣ್ಣು ಮುಚ್ಚಿದರೆ ಯಾವ ಗಳಿಗೆಯಲ್ಲಿ ಬೀಳುತ್ತದೆಂಬ ಸುಳಿವೂ ಇಲ್ಲ. ಅದಕ್ಕಿಂತ ಕಂಡು ಸಾಯುವುದು ಮೇಲು ಎಂದು ದಿಟ್ಟಿಸಿದೆ. ಅವನು ಉಸಿರು ಬಿಟ್ಟಾಗ ಹನಿ ಉದ್ದವಾಗುತ್ತಿತ್ತು, ಎಳೆದುಕೊಂಡಾಗ ಗಿಡ್ಡವಾಗುತ್ತಿತ್ತು. ನಾನೂ ಅದೇ ಲಯದಲ್ಲಿ ಉಸಿರಾಡತೊಡಗಿದ್ದೆ. ಕೆಳಗಿನ ಬೇಕರಿಯಿಂದ ಪಫ್ಸಿನ ಘಮ ಮೇಲೇರಿ ಬಂತು.

ತಡೆಯಲಾಗದೆ ಅವನ ತೋಳನ್ನು ಪಟಪಟ ತಟ್ಟಿದೆ. ಇದೇ ಟ್ಯಾಪ್. ತಟ್ಟಿದರೆ ಸೋತೆ ಎಂದರ್ಥ, ಎದುರಾಳಿ ಮರುಕ್ಷಣ ಬಿಡಬೇಕು. ಪಾಪ, ಒಳ್ಳೆಯ ಹುಡುಗ. “ಸರ್, ನಾನಿನ್ನೂ ಏನೂ ಮಾಡಿಲ್ವಲ್ಲ, ಏನಾಯ್ತು?” ಎಂದು ಗಾಬರಿಯಿಂದ ಬಗ್ಗಿದ. “ಏನಿಲ್ಲಪ್ಪ, ಬೆ—” ಎಂದು ನಾನು ಬಾಯಿ ತೆರೆದೆ.

ಬೆವರು ಬರಬೇಕು ಎಂದಿದ್ದರು ಡಾಕ್ಟರು. ಯಾರದ್ದು, ಎಲ್ಲಿಗೆ ಎಂದು ನಾನೂ ಕೇಳಿರಲಿಲ್ಲ.

ಗೋಡೆಯ ಮೇಲೆ ಈ ವಿದ್ಯೆಯನ್ನು ರೂಪಿಸಿದವರಲ್ಲೊಬ್ಬನಾದ ಎಲಿಯೊ ಗ್ರೇಸಿಯ ಪಟವಿದೆ. 1914ರಲ್ಲಿ ಬ್ರೆಜಿಲಿಗೆ ಬಂದ ಜಪಾನಿನ ಮಾಯೆದಾ ಬೆಲೆಂ ಎಂಬ ಊರಿನಲ್ಲಿ ಈತನ ಅಣ್ಣ ಕಾರ್ಲೋಸನಿಗೆ ಪಟ್ಟು ಕಲಿಸಿದ. ಎಲಿಯೊ ನರಪೇತಲ, ಮೈದಣಿಸಬಾರದೆಂದು ವೈದ್ಯರು ಹೇಳಿದ್ದರಿಂದ ಅಣ್ಣಂದಿರ ಪಾಠವನ್ನು ಬರೀ ನೋಡಿಯೇ ಕಲಿತ ಎಂಬುದು ಆ ಮನೆತನದವರು ಹೇಳುವ ಕಥೆ. ನಾನೂ ನೋಡಿಯೇ ಕಲಿಯುತ್ತೇನೆಂದು ಕೋಚ್‌ಗೆ ಅರ್ಜಿ ಹಾಕಿದ್ದೆ. ತಿರಸ್ಕೃತವಾಯಿತು. 1951ರಲ್ಲಿ ರಿಯೊದ ಮರಕಾನ ಕ್ರೀಡಾಂಗಣದಲ್ಲಿ ಜೂಡೋ ಪಟು ಮಸಾಹಿಕೊ ಕಿಮುರಾ ಈ ಎಲಿಯೊನ ಕೈಯನ್ನು ಬೆನ್ನ ಹಿಂದಕ್ಕೆ ತಿರುಚಿದ. ಎಲಿಯೊ ತಟ್ಟಲಿಲ್ಲ. ಕೊನೆಗೆ ಅವನ ಕಡೆಯವರೇ ಪಂದ್ಯ ನಿಲ್ಲಿಸಬೇಕಾಯಿತು. ಆ ಪಟ್ಟಿಗೆ ಈಗ ಕಿಮುರಾ ಎಂದೇ ಹೆಸರು. ಇದನ್ನು ಹೇಳುವಾಗ ಕೋಚ್ ಕಣ್ಣು ಒದ್ದೆಯಾಗಿತ್ತು. ಹುಡುಗರು ಚಪ್ಪಾಳೆ ಹೊಡೆದರು.

ನಾನು ಹೊಡೆಯಲಿಲ್ಲ. ನಾನು ಎರಡನೇ ಪಿಯುಸಿಯಲ್ಲಿದ್ದಾಗ ತಾತ ನಸುಕಿನಲ್ಲಿ ಬಚ್ಚಲಲ್ಲಿ ಜಾರಿ ಬಿದ್ದರು. ಪಕ್ಕದ ಕೋಣೆಯಲ್ಲೇ ಮಲಗಿದ್ದೆ ನಾನು. ಒಂದು ಸಲ ಬಾಗಿಲು ತಟ್ಟಿದ್ದರೆ ಸಾಕಿತ್ತು. ಆರು ಗಂಟೆಗೆ ಅಮ್ಮ ಹಂಡೆಗೆ ಉರಿ ಹಾಕಲು ಹೋದಾಗಲೇ ಗೊತ್ತಾದದ್ದು. ತೊಡೆಯ ಮೂಳೆ ಮುರಿದಿತ್ತು, ಮೀಸೆಯೆಲ್ಲ ಒದ್ದೆ. ಕೂಗಬಾರದಿತ್ತಾ ಮಾವ ಎಂದು ಅಮ್ಮ ಅತ್ತರೆ, “ಇಷ್ಟಕ್ಕೆಲ್ಲ ಯಾರನ್ನ ಎಬ್ಬಿಸೋದು” ಎಂದರು. ಆಮೇಲೆ ಅವರು ಎದ್ದು ಓಡಾಡಲಿಲ್ಲ.

ನಾನಂತೂ ಒಂದು ಸಂಜೆಗೆ ಹದಿನಾಲ್ಕು ಸಲ ತಟ್ಟುತ್ತೇನೆ. ನೋವಿಗೆ ತಟ್ಟುತ್ತೇನೆ, ನೋವಾದೀತೆಂದು ತಟ್ಟುತ್ತೇನೆ, ಉಗುರು ಕತ್ತರಿಸದೆ ಬರುವ ಒಬ್ಬ ಮಹಾನುಭಾವನಿಗೆ ಮುನ್ನೆಚ್ಚರಿಕೆಯಾಗಿ ತಟ್ಟುತ್ತೇನೆ. ನನ್ನನ್ನು ಉರಿಸುವವನು ಇನ್ನೊಬ್ಬ, ನೀಲಿ ಬೆಲ್ಟಿನ ಪೋರ. ನನ್ನ ಕೊರಳ ಸುತ್ತ ತೋಳು ಬಿಗಿದು, ಮುಖ ಬದನೆಕಾಯಿ ಬಣ್ಣಕ್ಕೆ ತಿರುಗುತ್ತಿರುವಾಗ ಕಿವಿಯಲ್ಲಿ “ರಿಲ್ಯಾಕ್ಸ್ ಅಂಕಲ್, ರಿಲ್ಯಾಕ್ಸ್” ಎನ್ನುತ್ತಾನೆ. ಕತ್ತು ಹಿಸುಕುವುದನ್ನು ಕ್ಷಮಿಸಬಲ್ಲೆ. ಅಂಕಲ್?

ಈ ಸಲ ದಸರಾದಲ್ಲಿ ದೊಡ್ಡಕೆರೆ ಮೈದಾನಕ್ಕೆ ಕುಸ್ತಿ ನೋಡಲು ಹೋದೆ, ವಿದ್ಯೆಯಿರುವವನ ಠೀವಿಯಲ್ಲಿ. ಪಕ್ಕದಲ್ಲಿ ರುಮಾಲು ಸುತ್ತಿದ ಹಿರಿಯರೊಬ್ಬರು. ಪೈಲ್ವಾನನೊಬ್ಬ ಎದುರಾಳಿಯನ್ನು ಎತ್ತಿ ಕೆಡವಿದ. ನಗಾರಿ ಮೊಳಗಿತು, ಮೈದಾನವೇ ಎದ್ದು ನಿಂತಿತು. ಕೆಳಗೆ ಬಿದ್ದವನು ಕೈಕಾಲು ಚೆಲ್ಲಿ ಸುಮ್ಮನಾದದ್ದು ಕಂಡು ನನಗೆ ತಡೆಯಲಾಗಲಿಲ್ಲ.

“ಅಯ್ಯೋ, ಸೊಂಟಕ್ಕೆ ಕಾಲು ಸುತ್ತೋ! ಈಗ ತಾನೇ ಶುರು!”

ಹಿರಿಯರು ನನ್ನತ್ತ ತಿರುಗಿದರು. ಹೊಟ್ಟೆಯನ್ನು ನೋಡಿದರು, ಕಿವಿಯನ್ನು ನೋಡಿದರು.

“ಸ್ವಾಮಿ, ಯಾವೂರಾಯ್ತು ತಮ್ಮದು?”

“ಬೆಂಗಳೂರು” ಎಂದೆ.