ಪಾಲು ಮಾಡುವ ಕಿಣ್ವದೊಂದಿಗೆ ನಾಲ್ಕು ಮಾತು

ಅರಕಲಗೂಡಿನ ರೈತರೊಬ್ಬರು ಅಪ್ಪನ ಜಮೀನಿನ ಪೋಡಿಗಾಗಿ ಹಾಸನಕ್ಕೆ ಬಂದು ಸಾಲಿನಲ್ಲಿ ನಿಂತಿದ್ದರು. ಅದೇ ಹೊತ್ತಿಗೆ ಅವರ ಮೂಳೆಮಜ್ಜೆಯಲ್ಲಿ ಒಂದು ಜೀವಕೋಶವೂ ಪಾಲಿಗೆ ಸಿದ್ಧವಾಗಿತ್ತು. ಪಾಲು ಮಾಡಬೇಕಾದ ಸೆಪರೇಸ್ ಕಿಣ್ವ ಸುಮ್ಮನೆ ಕೂತಿತ್ತು, ಮಾತಿಗೆ ಸಿಕ್ಕಿತು.

ತಮ್ಮ ಪರಿಚಯ?

ನನ್ನ ಜೀನ್ ಇರುವುದು 12ನೇ ವರ್ಣತಂತುವಿನಲ್ಲಿ. ಮೈತುಂಬ 2120 ಅಮೈನೋ ಆಮ್ಲ, ಬಹುಪಾಲು ಸುರುಳಿ. ಕತ್ತರಿ ಮಾತ್ರ ಬಾಲದ ಕಡೆ, ಅಲ್ಲೂ ಅಲಗು ಒಂದೇ ಒಂದು ಸಿಸ್ಟೀನ್. ಕಚೇರಿ ಎಷ್ಟೇ ದೊಡ್ಡದಿರಲಿ, ಸಹಿ ಹಾಕುವವರು ಒಬ್ಬರೇ ಅಲ್ಲವೇ?

ಕತ್ತರಿಸುವುದು ಏನನ್ನು?

ಕೊಹೆಸಿನ್ ಉಂಗುರವನ್ನು. ಪ್ರತಿ ವರ್ಣತಂತುವಿನ ಎರಡು ಪ್ರತಿಗಳನ್ನು ಅದು ಜೋಡಿಸಿ ಹಿಡಿದಿರುತ್ತದೆ. ತೋಳುಗಳ ಉಂಗುರಗಳನ್ನು ಬೇರೆಯವರು ಮೊದಲೇ ಬಿಚ್ಚಿರುತ್ತಾರೆ, ನಡುವಿನದು ನನ್ನ ಪಾಲಿಗೆ. ಕತ್ತರಿಸಿದರೆ ಆ ಕಡೆ 46, ಈ ಕಡೆ 46. ಬದುವಿನ ತಕರಾರಿಲ್ಲ.

ಮತ್ತೆ ತಡವೇಕೆ? ಮಾಮೂಲಿ ಬಂದಿಲ್ಲವೇ?

ಬಾಯಿಗೆ ಸೆಕ್ಯೂರಿನ್ ತುರುಕಿದ್ದಾರೆ ಸ್ವಾಮಿ. ಕತ್ತರಿಸುವ ವಸ್ತುವಿನ ವೇಷದಲ್ಲಿ ಬಂದು ಕೂತಿದೆ, ಕತ್ತರಿಸಲು ಬಾರದು. 2021ರಲ್ಲಿ ಕ್ರಯೋ-ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ನಮ್ಮಿಬ್ಬರ ಚಿತ್ರ ತೆಗೆದು ಲೋಕಕ್ಕೆಲ್ಲ ತೋರಿಸಿಬಿಟ್ಟರು.

(ಬಾಯಿ ಕಟ್ಟಿದ್ದರೂ ಮಾತಾಡಿದ್ದು ಹೇಗೆಂದು ಕೇಳಬೇಡಿ. ನಮ್ಮ ಜಿಲ್ಲೆಯಲ್ಲಿ ಅದೇನು ಹೊಸದಲ್ಲ.)

ಬಿಡಿಸುವವರು ಯಾರು?

ಎಪಿಸಿ ಎಂಬ ಮೇಲಧಿಕಾರಿ. ಪ್ರತಿ ವರ್ಣತಂತುವಿಗೂ ಎರಡೂ ಕಡೆಯಿಂದ ಎಳೆ ಸಿಕ್ಕ ಮೇಲೆ ಸೆಕ್ಯೂರಿನ್ ಮೇಲೆ ನಾಶದ ಚೀಟಿ ಅಂಟಿಸುತ್ತದೆ. ನೋಡಿ, ಅಲ್ಲೊಬ್ಬಳಿಗೆ ಇನ್ನೂ ಸಿಕ್ಕಿಲ್ಲ. 45 ಮಂದಿ ಬಂದಾಯಿತು, ಒಬ್ಬಳಿಗೇಕೆ ಕಾಯುವುದು ಎನ್ನುವಂತಿಲ್ಲ. ನಿಮ್ಮಲ್ಲಿ?

ಹೊಳೆನರಸೀಪುರಕ್ಕೆ ಕೊಟ್ಟ ಅಕ್ಕ ಬರುವುದರೊಳಗೆ ಪಾಲಾಗಿರುತ್ತದೆ.

ಮದುವೆಯಾಗದ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಸಮಪಾಲು ಕೊಟ್ಟಿತು. 2005ರಲ್ಲಿ ಕೇಂದ್ರದ ಕಾನೂನು ಮದುವೆಯಾದವರನ್ನೂ ಸೇರಿಸಿತಲ್ಲ?

ಸೇರಿಸಿತು. ನಾವು ಅರಿಶಿನ-ಕುಂಕುಮಕ್ಕೆಂದು ಒಂದಿಷ್ಟು ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತೇವೆ. ಗೆದ್ದ ರಾಜ್ಯವನ್ನೇ ಅಣ್ಣನಿಗೆ ಬಿಟ್ಟ ಬಾಹುಬಲಿ ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ ನಿಂತಿದ್ದಾನೆ. ಬಿಟ್ಟುಕೊಡುವ ಆ ಪಾಠವನ್ನು ಅಕ್ಕತಂಗಿಯರಿಗಷ್ಟೇ ಹೇಳುತ್ತೇವೆ.

ಅದಿರಲಿ, ನೀವು ಅವಸರಪಟ್ಟರೆ?

ಒಂದು ಕೋಶಕ್ಕೆ 47, ಇನ್ನೊಂದಕ್ಕೆ 45 ಹೋಗಬಹುದು. ಕತ್ತರಿಸಿದ ಉಂಗುರ ಮತ್ತೆ ಕೂಡದು, ಮೇಲ್ಮನವಿಗೆ ಕೋರ್ಟೂ ಇಲ್ಲ. ಸ್ತನ ಕ್ಯಾನ್ಸರಿನ ಗೆಡ್ಡೆಗಳಲ್ಲಿ ನನ್ನ ಪ್ರಮಾಣ ಮಿತಿಮೀರಿರುವುದನ್ನು ಸಂಶೋಧಕರು ಕಂಡಿದ್ದಾರೆ.

ಇಷ್ಟೆಲ್ಲ ಮಾಡಿದ್ದಕ್ಕೆ ತಮಗೆಷ್ಟು ಕಮಿಷನ್?

ಬಾಯಿ ಬಿಡುಗಡೆಯಾದ ಕೂಡಲೇ ಉಂಗುರದ ಜೊತೆಗೆ ನನ್ನ ಮೈಯನ್ನೂ ನಾನೇ ಕತ್ತರಿಸಿಕೊಳ್ಳುತ್ತೇನೆ.